ಮುಚ್ಚದ ಬಾಗಿಲುಗಳ ಲೆಕ್ಕ

ಭಾನುವಾರ ಬಂದರೆ ನನಗೆ ಈಗಲೂ ಮೊಣಕೈ ಜೋಮು ಹಿಡಿಯುತ್ತದೆ. ಉಳಿದವರಿಗೆ ಭಾನುವಾರವೆಂದರೆ ಎಣ್ಣೆಸ್ನಾನ, ಮಧ್ಯಾಹ್ನದ ನಿದ್ದೆ. ನನಗೆ ಹತ್ತು ಹನ್ನೆರಡು ಬಾಗಿಲು. ಐವತ್ತಕ್ಕೆ ಒಂದು ಕಡಿಮೆ, ಅಷ್ಟು ಭಾನುವಾರಗಳನ್ನು ನಾನು ಸುಣ್ಣದಗೂಡು ಮೊಹಲ್ಲಾದ ಬಾಗಿಲುಗಳನ್ನು ಹೆರೆಯುತ್ತಾ ಕಳೆದೆ. ನನ್ನ ಹೆಸರು ವೀರಭದ್ರಾಚಾರಿ. ಮರಗೆಲಸದವನು, ವಯಸ್ಸು ಅರವತ್ತೊಂದು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ನನ್ನ ಹೆಂಡತಿ ಕಾಳಮ್ಮ ಕೇಳುತ್ತಲೇ ಇದ್ದಳು. ಬೇಕಿರಲಿಲ್ಲ.

ನಮ್ಮ ಊರಿನಲ್ಲಿ ಯಾವ ಮನೆಯವರಿಗೆ ಅನ್ಯಾಯವಾಗುತ್ತದೋ ಆ ಮನೆಯ ಬೀದಿಬಾಗಿಲು ಉಬ್ಬುತ್ತದೆ. ಕಳವಾಗಲಿ, ಹೊಡೆತವಾಗಲಿ, ಯಾರಾದರೂ ಮೋಸ ಮಾಡಿ ಕಿತ್ತುಕೊಂಡದ್ದಾಗಲಿ. ಬಾಗಿಲು ಚೌಕಟ್ಟಿನೊಳಗೆ ಕೂರುವುದಿಲ್ಲ, ಎಷ್ಟು ತಳ್ಳಿದರೂ ಒಂದು ಮೊಳ ತೆರೆದೇ ಇರುತ್ತದೆ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಹಾಗಿದ್ದು, ಆಮೇಲೆ ತಾನಾಗಿಯೇ ಇಳಿಯುತ್ತದೆ. ಸಂತೆಯಲ್ಲಿ ಜೇಬು ಕತ್ತರಿಸಿಕೊಂಡವನು ಮನೆಗೆ ಬರುವ ಹೊತ್ತಿಗೆ ಅವನ ಬಾಗಿಲು ಉಬ್ಬಿರುತ್ತದೆ. ಅವನಿಗಿಂತ ಮುಂಚೆ ಅವನ ಹೆಂಡತಿಗೆ ಸುದ್ದಿ ಗೊತ್ತಾಗಿರುತ್ತದೆ. ಚೌಕಾಬಾರದಲ್ಲಿ ಕಾಯಿ ಕದ್ದರೆ ಉಬ್ಬುವುದಿಲ್ಲ, ಅಷ್ಟು ಸೂಕ್ಷ್ಮವಿಲ್ಲ. ಈ ಕಾಟವೇ ಬೇಡವೆಂದು ಕಬ್ಬಿಣದ ಬಾಗಿಲು ಹಾಕಿಸಿದವರೂ ಇದ್ದರು. ಅದು ಉಬ್ಬಲಿಲ್ಲ, ಸೊಟ್ಟಗಾಯಿತು, ಮಂಡಲ ಕಳೆದರೂ ನೆಟ್ಟಗಾಗಲಿಲ್ಲ. ಮರವೇ ವಾಸಿ ಎಂದು ಮತ್ತೆ ನನ್ನ ಹತ್ತಿರ ಬಂದರು.

ಬೇರೆ ಕಡೆ ಹೊಸ್ತಿಲ ಮೇಲೆ ಕೂತರೆ ಹಿರಿಯರು ಬೈಯುತ್ತಾರಂತೆ. ನಮ್ಮಲ್ಲಿ ಉಬ್ಬಿದ ಬಾಗಿಲಿನ ಹೊಸ್ತಿಲ ಮೇಲೆ ಕೂರದಿದ್ದರೆ ಬೈಯುತ್ತಿದ್ದರು. ಬಾಗಿಲು ಮುಚ್ಚದ ಮನೆಯನ್ನು ಅಕ್ಕಪಕ್ಕದವರು ಕಾಯಬೇಕು, ಇದು ಹಳೆಯ ಕಟ್ಟಳೆ. ಎಡಗಡೆ ಮನೆಯವರು ಮಧ್ಯಾಹ್ನದವರೆಗೆ, ಬಲಗಡೆಯವರು ದೀಪ ಹಚ್ಚುವವರೆಗೆ, ಆಮೇಲೆ ಎದುರು ಮನೆಯವರು ಚಾಪೆ ಹಿಡಿದುಕೊಂಡು ಬರಬೇಕು. ಹೆಂಗಸರು ಅಕ್ಕಿ ಆರಿಸುತ್ತಾ, ಹೂ ಕಟ್ಟುತ್ತಾ ಕೂರುತ್ತಿದ್ದರು. ಗಂಡಸರು ಬೀಡಿ ಸೇದುತ್ತಾ ಆಕಳಿಸುತ್ತಿದ್ದರು. ಏನಾಯಿತು ಎಂದು ಯಾರೂ ಕೇಳುವಂತಿಲ್ಲ. ಸುಮ್ಮನೆ ಕೂತಿರುವುದೇ ಕೆಲಸ. ನಾನೂ ಕೂತಿದ್ದೇನೆ. ಸೊಂಟ ಹಿಡಿಯುವ, ಬೇಸರದ ಕೆಲಸ ಅದು. ಒಂದೇ ಬೀದಿಯಲ್ಲಿ ನಾಲ್ಕು ಬಾಗಿಲು ಉಬ್ಬಿದರೆ ನಮ್ಮ ನಮ್ಮ ಮನೆಯಲ್ಲಿ ಒಲೆ ಹಚ್ಚುವವರೇ ಇರುತ್ತಿರಲಿಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ ಠಾಣೆಯಿಂದ ದಫೇದಾರ್ ಇಮಾಂಸಾಬರು ಬರುತ್ತಾರೆ. ಬೀದಿಯ ಒಂದೊಂದು ಬಾಗಿಲನ್ನೂ ಎರಡು ಬೆರಳಿನಿಂದ ತಳ್ಳಿ ನೋಡುತ್ತಾರೆ. ಮುಚ್ಚಿಕೊಂಡರೆ ಮುಂದಿನ ಮನೆ. ಮುಚ್ಚದಿದ್ದರೆ ನಿಂತು, ಏನಾಯಿತು, ಯಾರಿಂದಾಯಿತು ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊನೆಗೆ ಜಟಕಾ ಸ್ಟ್ಯಾಂಡಿನ ಹತ್ತಿರದ ಕಪ್ಪು ಹಲಗೆಯ ಮೇಲೆ ಮೊಹಲ್ಲಾದ ಹೆಸರು, ಅದರ ಮುಂದೆ ಮುಚ್ಚದ ಬಾಗಿಲುಗಳ ಸಂಖ್ಯೆ. ಊರಿಗೆಲ್ಲ ಅದೇ ಜಾತಕ. ಕೋಟೆ ಮೊಹಲ್ಲಾ ಮೂರು, ಹೊಸಪೇಟೆ ಒಂದು, ಸುಣ್ಣದಗೂಡು ಇಪ್ಪತ್ತೆರಡು. ನಾವು ಎಂದೂ ಹದಿನೈದಕ್ಕಿಂತ ಕೆಳಗೆ ಇಳಿದವರಲ್ಲ. ನಮ್ಮ ಬೀದಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ, ನಮ್ಮ ಹೆಣ್ಣುಮಕ್ಕಳನ್ನು ನೋಡಲು ಬಂದವರು ಹಲಗೆ ಓದಿ ಅಲ್ಲಿಂದಲೇ ತಿರುಗುತ್ತಿದ್ದರು. ಬಸ್ಸು ನಮ್ಮಲ್ಲಿ ನಿಲ್ಲದೆ ಕೆರೆ ಏರಿಯ ಆಚೆ ನಿಲ್ಲುತ್ತಿತ್ತು. ಹಾಲಿನವನು ಬೀದಿಯ ತುದಿಯಲ್ಲೇ ನಿಂತು ಗಂಟೆ ಬಾರಿಸುತ್ತಿದ್ದ, ಚೊಂಬು ಹಿಡಿದುಕೊಂಡು ನಾವೇ ಹೋಗಬೇಕಿತ್ತು.

ಆಗ ಪಂಚಾಕ್ಷರಯ್ಯನವರು ಮೊಹಲ್ಲಾ ಹಿತರಕ್ಷಣಾ ಸಮಿತಿ ಕಟ್ಟಿದರು. ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು, ಒಳ್ಳೆಯ ಮನುಷ್ಯ. ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. ಒಂದು ಶನಿವಾರ ನನ್ನ ಕೊಟ್ಟಿಗೆಗೆ ಬಂದು ಹಲಗೆ ರಾಶಿಯ ಮೇಲೆ ಕೂತರು.

"ಆಚಾರ್ರೇ, ಮಳೆಗಾಲದಲ್ಲಿ ಬಾಗ್ಲು ಹಿಡ್ಕೊಂಡ್ರೆ ಏನ್ ಮಾಡ್ತೀರಿ?"

"ಹತ್ತರಿ ಹೊಡೀತೀನಿ ಸ್ವಾಮಿ. ಅಂಚು ಹೆರೆದ್ರೆ ಸರಿಹೋಗುತ್ತೆ."

"ಅದನ್ನೇ ಮಾಡಿ ಅಂತಿರೋದು ನಾನು. ಮಳೆಗೆ ಉಬ್ಬಿದ್ರೇನು, ಇನ್ಯಾತಕ್ಕೋ ಉಬ್ಬಿದ್ರೇನು, ಮರ ಮರಾನೇ ತಾನೆ? ಸಾಬ್ರು ಬರೋದು ಸೋಮವಾರ. ನಿಮಗೆ ಭಾನುವಾರ ಪೂರ್ತಿ ಇದೆ."

ಉಬ್ಬಿದ ಬಾಗಿಲಿಗೆ ಹತ್ತರಿ ಇಡಬೇಡ, ಇಳಿದ ಮೇಲೆ ಸಂದು ಬಿಡುತ್ತದೆ ಎಂದು ನನ್ನ ತಂದೆ ಹೇಳುತ್ತಿದ್ದರು. ಅದನ್ನು ಹೇಳಿದೆ. ಸಂದು ಬಿಟ್ಟರೆ ಒಂದು ಪಟ್ಟಿ ಹೊಡೆದರಾಯಿತು ಎಂದರು ಅವರು. ಅದೂ ನಿಜವೇ. ಆಮೇಲೆ ದನಿ ಇಳಿಸಿ ಹೇಳಿದರು: "ಪುರಸಭೆಯವರು ಮಾತು ಕೊಟ್ಟಿದಾರೆ. ಐವತ್ತು ವಾರ ಒಂದೇ ಸಮ ಸೊನ್ನೆ ಬಂದ್ರೆ ಹೆಣ್ಮಕ್ಕಳ ಹೈಸ್ಕೂಲು ನಮ್ಮ ಮೊಹಲ್ಲಾಕ್ಕೇ. ನನ್ನ ಮೊಮ್ಮಗಳು ದಿನಾ ಎರಡೂವರೆ ಮೈಲಿ ನಡೀತಾಳೆ, ಆ ಕೆರೆ ಏರಿ ಮೇಲೆ. ಅವಳು ಮನೆ ಸೇರೋವರೆಗೂ ನನಗೆ ಗಂಟಲಲ್ಲಿ ಅನ್ನ ಇಳಿಯಲ್ಲ ಆಚಾರ್ರೇ."

ಒಪ್ಪಿಕೊಂಡೆ. ಆ ಮಾತಿಗೆ ಯಾರು ಒಪ್ಪುವುದಿಲ್ಲ? ಮರುದಿನ ಇಪ್ಪತ್ತೆರಡು ಬಾಗಿಲು ಹೆರೆದೆ. ಸಂಜೆ ಹೊತ್ತಿಗೆ ಅನ್ನ ಕಲಸಲು ಕೈ ಬಾರದೆ ಕಾಳಮ್ಮ ತುತ್ತು ಮಾಡಿ ಕೊಟ್ಟಳು. ಸೋಮವಾರ ಇಮಾಂಸಾಬರು ಬೀದಿಯುದ್ದಕ್ಕೂ ಎರಡು ಬೆರಳಿಂದ ತಳ್ಳುತ್ತಾ ನಡೆದರು. ಎಲ್ಲ ಬಾಗಿಲೂ ಮುಚ್ಚಿಕೊಂಡವು. ಹೊಸ್ತಿಲಿನ ಬುಡದಲ್ಲಿ ಬಿದ್ದಿದ್ದ ಮರದ ಸುರುಳಿಗಳನ್ನು ಅವರು ನೋಡಿದರು, ನಾನು ನೋಡಿದ್ದನ್ನೂ ನೋಡಿದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಕಾಲು ಸೋತ ಮನುಷ್ಯ. ಹಲಗೆಯ ಮೇಲೆ ಸೊನ್ನೆ ಬರೆದು, ಅದನ್ನೇ ಒಂದು ಗಳಿಗೆ ನೋಡಿ, ಸೈಕಲ್ ಹತ್ತಿದರು.

ಅಲ್ಲಿಂದಾಚೆ ಎಲ್ಲ ಸುಸೂತ್ರ. ಐದನೇ ವಾರಕ್ಕೆ ಹಾಲಿನವನು ಬೀದಿಯೊಳಗೆ ಬಂದ. ಹದಿನೆಂಟನೇ ವಾರಕ್ಕೆ ಬಸ್ಸು ನಿಂತಿತು, ನಾವೆಲ್ಲ ಹೋಗಿ ಡ್ರೈವರಿಗೆ ಹಾರ ಹಾಕಿದೆವು. ಮೂರು ಮದುವೆಗಳು ಕುದುರಿದವು. ಬೇರೆ ಮೊಹಲ್ಲಾದವರು ಬಂದು ಬಾಡಿಗೆಗೆ ಮನೆ ಕೇಳತೊಡಗಿದರು. ಮನೆಯಲ್ಲಿ ಏನಾದರೂ ಹೋದರೆ ಜನ ಠಾಣೆಗೆ ಹೋಗುವುದನ್ನು ಬಿಟ್ಟು ನನ್ನ ಕೊಟ್ಟಿಗೆಗೆ ಬರುತ್ತಿದ್ದರು. "ಆಚಾರ್ರೇ, ಗಡಿಯಾರ ಹೋಯ್ತು. ಭಾನುವಾರ ಬೆಳಿಗ್ಗೇನೇ ಬಂದ್ಬಿಡಿ, ಮಧ್ಯಾಹ್ನ ನೆಂಟರು ಬರ್ತಾರೆ." ಹೋದ ಗಡಿಯಾರವನ್ನು ಯಾರೂ ಹುಡುಕುತ್ತಿರಲಿಲ್ಲ. ಹುಡುಕಬೇಕಾದರೆ ಹೋಗಿದೆ ಎಂದು ಒಪ್ಪಬೇಕಲ್ಲ. ಬಾಗಿಲು ಹೇಗೂ ಮುಚ್ಚುತ್ತದೆ, ಹೊಸ್ತಿಲು ಕಾಯುವ ಕೆಲಸವೂ ತಪ್ಪಿತು ಎಂದು ಇಡೀ ಬೀದಿಗೆ ನೆಮ್ಮದಿ. ಎಲ್ಲರಿಗೂ ಸಾಕಾಗಿತ್ತು, ನನಗೂ.

ಗೌರಜ್ಜಿಯೊಬ್ಬಳೇ ಗೊಣಗಿದ್ದು. ಎಂಬತ್ತು ದಾಟಿದ ಒಂಟಿ ಮುದುಕಿ, ಸದಾ ಎಲೆಅಡಿಕೆ ಕುಟ್ಟುತ್ತಾ ಕೂರುವವಳು. ಅವಳ ಹಿತ್ತಲಿನ ತಾಮ್ರದ ಹಂಡೆಯನ್ನು ಯಾರೋ ಎತ್ತಿಕೊಂಡು ಹೋದರು. ನಾನು ಹೋಗಿ ಬಾಗಿಲು ಹೆರೆದು, ತಳ್ಳಿ ತೋರಿಸಿ, "ನೋಡಜ್ಜಿ, ಬೆಣ್ಣೆ ಹಂಗೆ ಮುಚ್ಚುತ್ತೆ" ಎಂದೆ.

"ಮುಚ್ಕೊಂತಲ್ಲಪ್ಪ," ಅಂದಳು. "ಇನ್ನ ಯಾರು ಬರ್ತಾರೆ? ಹೋದ್ಸಲ ಕೊಡಪಾನ ಹೋದಾಗ ಒಂದು ಮಂಡಲ ಮನೆ ತುಂಬ ಜನ ಇದ್ರು. ಈಗ ಹಂಡೇನೂ ಹೋಯ್ತು, ಜನಾನೂ ಹೋದ್ರು."

ಹರಟೆಗೆ ಜನ ಬೇಕು ಮುದುಕಿಗೆ ಎಂದುಕೊಂಡು ನಕ್ಕು ಎದ್ದೆ. ಆ ವರ್ಷ ಅವಳ ಮನೆಗೆ ಇನ್ನೂ ನಾಲ್ಕು ಸಲ ಕಳ್ಳರು ನುಗ್ಗಿದರು. ಹೊಸ್ತಿಲಲ್ಲಿ ಯಾರೂ ಕೂರುವುದಿಲ್ಲ ಎಂಬುದು ಕಳ್ಳರಿಗೂ ಗೊತ್ತಾಗಿತ್ತು. ನಮ್ಮ ಮೊಹಲ್ಲಾದಲ್ಲಿ ಕಳವು ಹೆಚ್ಚುತ್ತಲೇ ಇತ್ತು, ಹಲಗೆಯ ಮೇಲೆ ಸೊನ್ನೆ ನಿಂತೇ ಇತ್ತು. ಭಾನುವಾರ ಎಂಟು ಬಾಗಿಲಿದ್ದದ್ದು ಹನ್ನೊಂದಾಯಿತು, ಹನ್ನೆರಡಾಯಿತು. ನನಗೆ ಕಂಡದ್ದು ಕೆಲಸ ಹೆಚ್ಚಿದ್ದು ಮಾತ್ರ. ಕಣ್ಣೆದುರಿಗಿದ್ದರೂ ಕಾಣದವನಿಗೆ ಏನು ಹೇಳುವುದು?

ಗೌರಜ್ಜಿಯ ಪಕ್ಕದ ಮನೆ ರೇವಣ್ಣನದು. ಹಿಟ್ಟಿನ ಗಿರಣಿ ನಡೆಸುತ್ತಿದ್ದ, ಹುಬ್ಬಿನ ಮೇಲೆ ಯಾವಾಗಲೂ ಬಿಳಿ ಹಿಟ್ಟು. ಮೃದುವಾಗಿ ಮಾತಾಡುವವನು. ಮುದುಕಿಯರ ರಾಗಿಯನ್ನು ಮೊದಲು ಬೀಸಿ ಕಳಿಸುತ್ತಾನೆ ಎಂದು ಹೆಸರು. ಹೆಂಡತಿ ಸುಗುಣ, ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಆ ಮನೆಗೆ ನಾನು ಮೊದಲು ಹೋದದ್ದು ಮೂರನೆಯ ವಾರ. ಬಾಗಿಲು ಬಿಚ್ಚುವಾಗ ರೇವಣ್ಣ ಬಂದು ಇನ್ನೊಂದು ಕಡೆ ಹಿಡಿದುಕೊಂಡ. ಬೇರೆ ಯಾರೂ ಅಷ್ಟು ಸಹಾಯ ಮಾಡಿದ್ದಿಲ್ಲ. "ನಮ್ಮನೆ ಮರಕ್ಕೆ ಏನೋ ಸೀಕು ಆಚಾರ್ರೇ, ಗಾಳಿ ತೇವ ಆದ್ರೂ ಉಬ್ಬುತ್ತೆ" ಎಂದ. ಬೇಸಿಗೆಯ ನಡುಮಧ್ಯ ಅದು. ಹೂಂ ಎಂದೆ. ಹೂಂ ಎನ್ನುವುದು ನಮ್ಮ ಕಸುಬಿನಲ್ಲಿ ಅರ್ಧ ಕೆಲಸ.

ಮತ್ತೆ ಎರಡು ವಾರಕ್ಕೆ ಕರೆ ಬಂತು, ಆಮೇಲೆ ಒಂದು ವಾರಕ್ಕೆ, ಆಮೇಲೆ ಹೆಚ್ಚುಕಡಿಮೆ ಪ್ರತಿ ಭಾನುವಾರ. ನನಗೆ ಗೊತ್ತಾದದ್ದು ಮರದಿಂದ. ನಾನು ಹೆರೆದ ಬೇರೆ ಬಾಗಿಲುಗಳೆಲ್ಲ ಮಂಡಲ ಕಳೆದ ಮೇಲೆ ಇಳಿದು ಸಂದು ಬಿಡುತ್ತಿದ್ದವು. ಅಂಚಿಗೆ ಪಟ್ಟಿ ಹೊಡೆಯಲು ಮತ್ತೆ ಕರೆಯುತ್ತಿದ್ದರು. ರೇವಣ್ಣನ ಮನೆಗೆ ಮಾತ್ರ ಪಟ್ಟಿ ಹೊಡೆಯುವ ಕೆಲಸ ಬರಲೇ ಇಲ್ಲ. ಇಳಿಯುವುದಕ್ಕೆ ಮುಂಚೆ ಅದು ಮತ್ತೆ ಉಬ್ಬುತ್ತಿತ್ತು. ಒಂದು ದಿನ ಅಳೆದು ನೋಡಿದೆ. ಆ ಬಾಗಿಲಿನಿಂದ ನಾನು ನಾಲ್ಕು ಬೆರಳು ಅಗಲ ಮರ ತೆಗೆದಿದ್ದೆ. ಆದರೂ ಅದು ಚೌಕಟ್ಟಿನೊಳಗೆ ಬಿಗಿಯಾಗಿ ಕೂರುತ್ತಿತ್ತು. ಆ ಮನೆಯಲ್ಲಿ ವಾರವಾರವೂ ಪೆಟ್ಟು ಬಿದ್ದರಷ್ಟೇ ಆ ಬಾಗಿಲು ಸರಿಯಾಗಿ ಮುಚ್ಚುತ್ತದೆ ಎನ್ನುವ ಹಾಗೆ ನಾನೇ ಅದನ್ನು ಮಾಡಿಟ್ಟಿದ್ದೆ. ಅಳತೆಪಟ್ಟಿ ಜೇಬಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋದೆ.

ನಲವತ್ತಾರನೇ ಭಾನುವಾರ ರೇವಣ್ಣ ಗಿರಣಿಗೆ ಹೋಗಿದ್ದ, ಬೆಲ್ಟು ಹರಿದಿತ್ತಂತೆ. ಸುಗುಣ ಮಜ್ಜಿಗೆ ತಂದುಕೊಟ್ಟಳು. ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದಿದ್ದಳು. ಅಷ್ಟು ದಿನದಲ್ಲಿ ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಆಚಾರ್ರೇ, ಇವತ್ತು ಹೆರೀಬೇಡಿ."

"ಯಾಕಮ್ಮ?"

"ಮೊದಲೆಲ್ಲ ವರ್ಷಕ್ಕೆ ಒಂದ್ಸಲ, ಹೆಚ್ಚಂದ್ರೆ ಎರಡ್ಸಲ ಕೈ ಎತ್ತೋರು. ಬಾಗ್ಲು ಉಬ್ಬೋದು. ಗೌರಜ್ಜಿ ಕುಟ್ಟಾಣಿ ತಗೊಂಡು ಬಂದು ಕೂರೋರು. ಏನೂ ಕೇಳ್ತಿರ್ಲಿಲ್ಲ, ಕುಟ್ತಾ ಕೂರೋರು ಅಷ್ಟೇ. ಒಂದು ಮಂಡಲ ಈ ಮನೇಲಿ ದನಿ ಏಳ್ತಿರ್ಲಿಲ್ಲ. ಆಮೇಲೂ ಎಷ್ಟೋ ತಿಂಗಳು ಆ ಅಂಜಿಕೆ ಇರೋದು ಇವ್ರಿಗೆ. ಈಗ ನೀವು ಬರ್ತೀರಿ, ಸಂಜೆ ಹೊತ್ಗೆ ಬಾಗ್ಲು ಮುಚ್ಚುತ್ತೆ."

ನಾನು ಲೋಟ ಹಿಡಿದುಕೊಂಡು ನಿಂತಿದ್ದೆ. ನಲವತ್ತಾರು ವಾರ. ಪಂಚಾಕ್ಷರಯ್ಯನವರ ಮುಖ, ಪುರಸಭೆ, ಹೈಸ್ಕೂಲು, ಬಸ್ಸಿನ ಡ್ರೈವರಿಗೆ ಹಾಕಿದ ಹಾರ, ಎಲ್ಲ ಒಟ್ಟಿಗೆ ನೆನಪಾದವು.

"ಇನ್ನು ನಾಕೇ ವಾರ ತಾಯಿ," ಎಂದೆ. "ಐವತ್ತು ತುಂಬಿಬಿಡ್ಲಿ. ಆಮೇಲೆ ನಾನೇ ಬಂದು..."

ಆಮೇಲೆ ನಾನೇ ಬಂದು ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಾಯಿತು. "ಆಗ್ಲಿ ಬಿಡಿ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು. ನಾನು ಬಾಗಿಲು ಹೆರೆದೆ. ಮರ ಕದ್ದಿಲ್ಲ, ತೂತು ಬಿದ್ದ ಹಲಗೆಗೆ ಮೇಣ ಮೆತ್ತಿ ಮಾರಿಲ್ಲ, ಯಾರ ಮೇಲೂ ಕೈ ಮಾಡಿಲ್ಲ. ನನ್ನ ಬದುಕಿನಲ್ಲಿ ನಾನು ಮಾಡಿದ ಕೆಟ್ಟ ಕೆಲಸ ಅದೊಂದೇ, ಆ ಒಂದೇ ಸಾಕು.

ನಲವತ್ತೇಳು, ನಲವತ್ತೆಂಟು. ಸುಗುಣ ಹೊರಗೆ ಬರಲಿಲ್ಲ. ನಲವತ್ತೊಂಬತ್ತನೇ ಭಾನುವಾರ ನೀರು ಹಿಡಿಯಲು ಬಂದವಳ ಎಡಗೈ ಕಂಡಿತು. ಎರಡು ಬೆರಳನ್ನು ಒಂದು ಮರದ ಚಕ್ಕೆಗೆ ಸೇರಿಸಿ ಬಟ್ಟೆ ಸುತ್ತಿದ್ದಳು. ತೇಗದ ಚಕ್ಕೆ, ಒಂದು ಕಡೆ ಹತ್ತರಿಯ ನುಣುಪು. ಹಿಂದಿನ ವಾರ ನಾನೇ ಅಲ್ಲಿ ಬಿಟ್ಟುಹೋದದ್ದು. ಕೊಡ ಬದಲಿಸಿಕೊಳ್ಳುತ್ತಾ ನನ್ನ ಕಡೆ ನೋಡಿದಳು. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ. ಬೀದಿಯಲ್ಲಿ ಹಸುವನ್ನೋ ಗಾಡಿಯನ್ನೋ ನೋಡುವ ಹಾಗೆ ನೋಡಿದಳು.

ಮನೆಗೆ ಬಂದು ಕಾಳಮ್ಮನಿಗೆ ಎಲ್ಲ ಹೇಳಿದೆ. ಅವಳು ಹುಣಿಸೆಹಣ್ಣು ಬಿಡಿಸುತ್ತಿದ್ದಳು.

"ಹೊಸ್ತಿಲು ಕಾಯೋದು ತಪ್ತಲ್ಲ ಅಂತ ನಾನೂ ಕುಣಿದಾಡಿದ್ದೆ," ಎಂದಳು. "ಈಗೇನ್ ಮಾಡ್ತೀರಿ?"

"ನನಗೆ ಸುಸ್ತಾಗಿದೆ ಕಣೇ. ಏನೂ ಮಾಡೋಕೆ ತ್ರಾಣ ಇಲ್ಲ."

"ಸುಸ್ತಾಗಿದ್ರೆ ಹೋಗಿ ಕೂತ್ಕೊಳಿ," ಎಂದಳು. "ಅದಕ್ಕೇನು ತ್ರಾಣ ಬೇಕಾ?"

ಐವತ್ತನೇ ಭಾನುವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ರೇವಣ್ಣನ ಮನೆಗೆ ಹೋದೆ. ಕೈಯಲ್ಲಿ ಏನೂ ಇರಲಿಲ್ಲ. ಬಾಗಿಲು ಒಂದು ಮೊಳ ತೆರೆದುಕೊಂಡಿತ್ತು. ರೇವಣ್ಣ ತೋಳು ಮಡಿಸಿಕೊಂಡು ಬಾಗಿಲು ಹಿಡಿಯಲು ಸಿದ್ಧನಾಗಿ ನಿಂತಿದ್ದ.

"ಹತ್ತರಿ ಎಲ್ಲಿ ಆಚಾರ್ರೇ?"

"ತಂದಿಲ್ಲಪ್ಪ," ಎಂದು ಹೊಸ್ತಿಲ ಮೇಲೆ ಕೂತೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಸುಸ್ತಾಗಿದೆಯೇನೋ ಎಂದುಕೊಂಡು ನೀರು ಬೇಕೆ ಎಂದು ಕೇಳಿದ. ಬೇಡ ಎಂದೆ. ನಾನು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದ ಮೇಲೆ ಅವನ ಮುಖ ಬದಲಾಯಿತು. "ಎದ್ದೇಳಿ. ನಮ್ಮನೇಲಿ ಏನಾಗಿದೆ ಅಂತ ಹೊಸ್ತಿಲು ಕಾಯ್ತೀರಿ?" ದನಿ ಅದೇ ಮೃದು ದನಿ, ಆದರೆ ನನ್ನ ಭುಜ ಹಿಡಿದ ಕೈ ಮೃದುವಾಗಿರಲಿಲ್ಲ. ಬೀದಿಯ ಜನ ನೋಡುತ್ತಿದ್ದರು. ಕೈ ತೆಗೆದ.

ಅರ್ಧ ಗಂಟೆಯಲ್ಲಿ ಪಂಚಾಕ್ಷರಯ್ಯನವರು ಬಂದರು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಂದಿದ್ದರು. ಉಳಿದ ಹನ್ನೊಂದು ಮನೆಯವರು ನಾನು ಬರಲಿಲ್ಲವೆಂದು ಅವರ ಬಳಿಗೆ ಹೋಗಿದ್ದರಂತೆ.

"ಏನಿದು ಆಚಾರ್ರೇ? ನಾಳೆ ಒಂದು ದಿನ ಕಳೆದ್ರೆ ಐವತ್ತು. ಪುರಸಭೆ ಅಧ್ಯಕ್ಷರು ಮಧ್ಯಾಹ್ನಕ್ಕೆ ಬರ್ತಾರೆ. ಇವತ್ತೊಂದು ದಿನ ಹೆರೆದುಬಿಡಿ, ನಿಮ್ಮ ಕಾಲು ಹಿಡೀತೀನಿ."

ನನಗಿಂತ ದೊಡ್ಡವರು. ಆ ಮಾತು ಕೇಳಿ ಸಂಕಟವಾಯಿತು. "ಇನ್ನು ನಾಕೇ ವಾರ ಅಂತ ನಾನೂ ಹಿಂಗೇ ಈ ಮಗೂಗೆ ಹೇಳ್ದೆ ಸ್ವಾಮಿ. ಅವಳ ಕೈ ನೋಡಿ."

ಅವರು ಒಳಗೆ ಇಣುಕಿದರು. ಸುಗುಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪಂಚಾಕ್ಷರಯ್ಯನವರು ಕಣ್ಣು ಕೆಳಗೆ ಹಾಕಿದರು. "ಅದು ಸಂಸಾರದ ವಿಷಯ," ಎಂದರು ಮೆಲ್ಲಗೆ. "ಸ್ಕೂಲು ಅಂದ್ರೆ ನೂರಾರು ಹೆಣ್ಮಕ್ಕಳ ಭದ್ರತೆ."

"ನಿಮ್ಮ ಮೊಮ್ಮಗಳು ಮನೆ ಸೇರೋವರೆಗೂ ನಿಮಗೆ ಅನ್ನ ಇಳಿಯಲ್ಲ ಅಂದ್ರಿ. ಈ ಮಗು ಮನೇಲೇ ಇದೆಯಲ್ಲ ಸ್ವಾಮಿ."

ಅವರು ಬರಿಗಾಲಿನಲ್ಲಿ ಹೊರಟುಹೋದರು. ಬೇರೆಯವರು ಸುಮ್ಮನಿರಲಿಲ್ಲ. ಮದುವೆ ಗೊತ್ತಾದ ಹುಡುಗಿಯ ತಂದೆಯೊಬ್ಬ, ನನ್ನ ಮಗಳ ಬಾಳಿಗೆ ಮಣ್ಣು ಹಾಕಿದೆ ಮುದುಕಾ ಎಂದು ಉಗಿದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಬಿಸಿಲು ಏರಿತು, ನನ್ನ ಸೊಂಟ ಹಿಡಿಯಿತು. ಮಧ್ಯಾಹ್ನ ದಾಟಿದ ಮೇಲೆ ಪಕ್ಕದ ಮನೆಯಿಂದ ಗೌರಜ್ಜಿ ಕುಟ್ಟಾಣಿ ಹಿಡಿದುಕೊಂಡು, ಗೋಡೆ ಹಿಡಿದು ನಡೆಯುತ್ತಾ ಬಂದಳು. "ಜರುಗಯ್ಯ," ಎಂದಳು. "ಬಲಗಡೆ ಮನೆ ನಂದು, ಸರದಿ ನಂದು." ಸಂಜೆಗೆ ಕಾಳಮ್ಮ ಚಾಪೆ ತಂದಳು. ಆ ದಿನ ಆ ಮನೆಯಲ್ಲಿ ದನಿ ಏಳಲಿಲ್ಲ.

ಸೋಮವಾರ ಬೆಳಿಗ್ಗೆ ಇಮಾಂಸಾಬರು ಬರುವ ಹೊತ್ತಿಗೆ ನಾನು ಮತ್ತೆ ಹೊಸ್ತಿಲಲ್ಲಿದ್ದೆ. ಬೀದಿಯಲ್ಲಿ ಹನ್ನೆರಡು ಬಾಗಿಲು ತೆರೆದು ನಿಂತಿದ್ದವು. ಅವರು ಒಂದೊಂದನ್ನೂ ತಳ್ಳುತ್ತಾ, ಕೇಳುತ್ತಾ, ಬರೆಯುತ್ತಾ ಬಂದರು. ಒಂದು ವರ್ಷದಿಂದ ಪುಸ್ತಕದಲ್ಲಿ ಬರೆದದ್ದೇ ಇಲ್ಲ, ಪೆನ್ಸಿಲ್ ಕೂಡ ಮೊಂಡಾಗಿತ್ತು. ಹಿಂದೆ ಸಮಿತಿಯವರು, ಹೆಂಗಸರು, ಮಕ್ಕಳು. ರೇವಣ್ಣನ ಬಾಗಿಲಿಗೆ ಎರಡು ಬೆರಳು ಒತ್ತಿದರು. ಅದು ಅಲ್ಲಾಡಲಿಲ್ಲ.

"ಏನಾಯ್ತು?" ಎಂದು ಕೇಳಿದರು.

"ಏನೂ ಇಲ್ಲ ಸಾಬ್ರೇ," ಎಂದ ರೇವಣ್ಣ. "ಮರ ಹಸಿ. ಆಚಾರ್ರಿಗೆ ಮೈ ಸರಿಯಿರ್ಲಿಲ್ಲ, ಅದಕ್ಕೆ ಹೆರೆದಿಲ್ಲ."

ಇಮಾಂಸಾಬರು ನನ್ನ ಕಡೆ ನೋಡಿದರು. ನಾನು ಏನಾದರೂ ಹೇಳಲಿ ಎಂದೋ, ಹೇಳದಿರಲಿ ಎಂದೋ ತಿಳಿಯಲಿಲ್ಲ. ಅಷ್ಟರಲ್ಲಿ ಸುಗುಣ ಒಳಗಿನಿಂದ ಬಂದು ನನ್ನ ಹಿಂದೆ ನಿಂತಳು.

"ನನ್ನ ಹೊಡೀತಾರೆ. ಬರ್ಕೊಳಿ."

ಸಾಬರು ತಲೆ ತಗ್ಗಿಸಿ ಪುಸ್ತಕದಲ್ಲಿ ಒಂದು ಎಂದು ಬರೆದರು. ಅವಳು ಬಗ್ಗಿ ನೋಡಿದಳು.

"ಒಂದಲ್ಲ ಸಾಬ್ರೇ."

"ಮತ್ತೆಷ್ಟಮ್ಮ?"

"ನನಗೆ ಲೆಕ್ಕ ತಪ್ಪಿದೆ. ಆಚಾರ್ರನ್ನ ಕೇಳಿ, ಅವ್ರಿಗೆ ಗೊತ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಲ್ಲೂ ಬರೆದಿಟ್ಟವನಲ್ಲ. ಆದರೆ ಒಂದು ಬಾಗಿಲನ್ನು ಎಷ್ಟು ಸಲ ಬಿಚ್ಚಿದೆ, ಎಷ್ಟು ಸಲ ಹೆರೆದು ಮತ್ತೆ ಕೂರಿಸಿದೆ ಎಂಬುದನ್ನು ಬಡಗಿಯಾದವನು ಮರೆಯುವುದಿಲ್ಲ. ಗೊತ್ತಿಲ್ಲ ಎಂದರೂ ನಡೆಯುತ್ತಿತ್ತು. ವಯಸ್ಸಾಯಿತು, ಮರೆವು ಎಂದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

"ಮೂವತ್ತೇಳು," ಎಂದೆ.

"ಹೊಡೆದಿದ್ದು ನೀವು ಕಂಡ್ರಾ?"

"ಕಂಡಿಲ್ಲ. ಈ ಸಲದ್ದೂ ಸೇರಿ ಮೂವತ್ತೇಳು ಸಲ ಈ ಬಾಗ್ಲು ಉಬ್ತು. ಇದೊಂದು ಬಿಟ್ಟು ಉಳಿದ ಮೂವತ್ತಾರು ಸಲಾನೂ ಹೆರೆದೋನು ನಾನು."

ಅವರು ಒಂದನ್ನು ಹೊಡೆದುಹಾಕಿ ಮೂವತ್ತೇಳು ಎಂದು ಬರೆದರು. ಆಮೇಲೆ ಎರಡನೆಯ ಪ್ರಶ್ನೆ: ಯಾರಿಂದಾಯಿತು? ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಸುಗುಣ ಸೆರಗನ್ನು ಕಿವಿಯಿಂದ ಹಿಂದಕ್ಕೆ ಸರಿಸಿ, "ರೇವಣ್ಣ" ಎಂದಳು. ಬೀದಿಯ ಕೊನೆಯ ಮನೆಗೂ ಕೇಳಿಸುವ ಹಾಗೆ ಹೇಳಿದಳು. ಸಾಬರು ಬರೆದುಕೊಂಡು ಪುಸ್ತಕ ಮಡಚಲು ಹೋದರು.

"ತಾಳಿ ಸಾಬ್ರೇ," ಎಂದೆ. "ಅದರ ಕೆಳಗೆ ಇನ್ನೊಂದು ಹೆಸರು ಬರ್ಕೊಳಿ." ನನ್ನ ಹೆಸರು ಹೇಳಿದೆ.

ಸಾಬರು ಪೆನ್ಸಿಲ್ ಹಿಡಿದುಕೊಂಡು ಸುಗುಣಳ ಮುಖ ನೋಡಿದರು. ನಾನೂ ತಿರುಗಿ ನೋಡಿದೆ. ಅವಳು ಬೇಡ ಎನ್ನಲಿಲ್ಲ.